ಟೆನಿಸ್ ಕಲಿಯುವವರಿಗೆ: ಮೊದಲು ಕಾಲು, ಆಮೇಲೆ ಕೈ

ಟಿವಿಯಲ್ಲಿ ಟೆನಿಸ್ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿರುತ್ತದೆ. ಒಮ್ಮೆ ಚೆಂಡನ್ನು ಬಿಟ್ಟು ಯಾರಾದರೂ ಒಬ್ಬ ಆಟಗಾರನ ಶೂ ಮಾತ್ರ ನೋಡಿ. ಐದು ನಿಮಿಷ ಸಾಕು. ಒಂದು ಹೊಡೆತಕ್ಕೆ ಮೊದಲು ಎಷ್ಟು ಪುಟ್ಟ ಪುಟ್ಟ ಹೆಜ್ಜೆ! ಕೈ ಬೀಸುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಉಳಿದ ಕೆಲಸವೆಲ್ಲ ಕಾಲಿನದು.

ಇದು ನನಗೆ ತಡವಾಗಿ ಗೊತ್ತಾಯಿತು. ಮೂವತ್ತು ದಾಟಿದ ಮೇಲೆ ರಾಕೆಟ್ ಹಿಡಿದವನು ನಾನು. ಟೆನಿಸ್ ಅಂದರೆ ಕೈಯಾಟ ಅಂದುಕೊಂಡು, ನಿಂತಲ್ಲೇ ನಿಂತು, ಬಂದ ಚೆಂಡಿಗೆಲ್ಲ ಕೈ ಚಾಚಿ ಬಾರಿಸಿದೆ. ಮೂರನೇ ತಿಂಗಳಿಗೆ ಬಾಗಿಲಿನ ಚಿಲಕ ತಿರುಗಿಸಿದರೂ ಮೊಣಕೈ ಚುರ್ರ್ ಅನ್ನುತ್ತಿತ್ತು. ಆರು ವಾರ ಆಟ ಬಂದ್. ಆ ಆರು ವಾರ ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡುತ್ತಾ ಕಲಿತದ್ದೇ ಜಾಸ್ತಿ. ದೊಡ್ಡವರಾದ ಮೇಲೆ ಟೆನಿಸ್ ಶುರು ಮಾಡಬೇಕು ಅಂತಿರುವವರಿಗೆ ಅದನ್ನೇ ಇಲ್ಲಿ ಬರೆದಿದ್ದೇನೆ.

ಈ ಆಟದ ಹುಚ್ಚು ಯಾಕೆ ಹಿಡಿಯುತ್ತದೆ

ಟೆನಿಸ್‌ಗೆ ಗಡಿಯಾರ ಇಲ್ಲ. ಫುಟ್‌ಬಾಲ್‌ನಲ್ಲಿ ಮೂರು ಗೋಲು ಮುಂದಿದ್ದರೆ ಸಮಯ ತಳ್ಳಬಹುದು. ಇಲ್ಲಿ ಆಗಲ್ಲ. ಕೊನೆಯ ಪಾಯಿಂಟ್ ಅನ್ನು ನೀವೇ ಆಡಿ ಗೆಲ್ಲಬೇಕು. ಅಲ್ಲಿವರೆಗೆ ಎದುರಾಳಿಗೆ ದಾರಿ ತೆರೆದೇ ಇರುತ್ತದೆ. 2019ರ ವಿಂಬಲ್ಡನ್ ಫೈನಲ್ ನೆನಪಿಸಿಕೊಳ್ಳಿ. ಐದನೇ ಸೆಟ್‌ನಲ್ಲಿ 8-7, 40-15 (ಆಗ ಅಲ್ಲಿ ಕೊನೆಯ ಸೆಟ್‌ಗೆ 6-6ರಲ್ಲಿ ಟೈಬ್ರೇಕರ್ ಇರಲಿಲ್ಲ). ಫೆಡರರ್ ಕೈಯಲ್ಲಿ ಸರ್ವ್, ಪ್ರಶಸ್ತಿಗೆ ಬೇಕಾದದ್ದು ಒಂದೇ ಪಾಯಿಂಟ್, ಅದಕ್ಕೆ ಎರಡು ಅವಕಾಶ. ಎರಡೂ ಹೋದವು. ಕೊನೆಗೆ ಗೆದ್ದವರು ಜೊಕೊವಿಚ್. ಇಡೀ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ ಗೆದ್ದದ್ದು 204. ಜಾಸ್ತಿ ಪಾಯಿಂಟ್ ಗೆದ್ದವರು ಸೋತರು! ಎಷ್ಟು ಪಾಯಿಂಟ್ ಅನ್ನುವುದಕ್ಕಿಂತ ಯಾವ ಪಾಯಿಂಟ್ ಅನ್ನುವುದೇ ಇಲ್ಲಿ ಲೆಕ್ಕ.

ಹೊಸಬರಿಗೂ ಇದೇ ರುಚಿ ಹತ್ತುವುದು. ಮೊದಲ ಸೆಟ್ 6-0 ಸೋತಿರಿ ಅಂತಿಟ್ಟುಕೊಳ್ಳಿ. ಎರಡನೇ ಸೆಟ್ ಮತ್ತೆ ಸೊನ್ನೆಯಿಂದಲೇ ಶುರು. ಹಳೆಯ ಬಾಕಿ ಯಾವುದೂ ಬರುವುದಿಲ್ಲ.

ಇನ್ನೊಂದು, ಇಲ್ಲಿ ತಪ್ಪು ಹೊರಿಸಲು ಬೇರೆ ಯಾರೂ ಸಿಗುವುದಿಲ್ಲ. ಕೆಲವರಿಗೆ ಇದೇ ಕಷ್ಟ. ನನಗಂತೂ ಇದೇ ಇಷ್ಟ.

ಮೈಗೆ ಬೀಳುವ ಕೆಲಸ ಎಷ್ಟು

ಕೋರ್ಟಿನ ಉದ್ದ 23.77 ಮೀಟರ್, ಸಿಂಗಲ್ಸ್‌ಗೆ ಅಗಲ 8.23 ಮೀಟರ್. ಅರ್ಧ ಕೋರ್ಟ್ ನಿಮ್ಮದು. ಅಂದರೆ ಸುಮಾರು 98 ಚದರ ಮೀಟರ್ ಜಾಗವನ್ನು ನೀವೊಬ್ಬರೇ ಕಾಯಬೇಕು. ಡಬಲ್ಸ್‌ನಲ್ಲಿ ಅಗಲ 10.97 ಮೀಟರ್ ಆದರೂ ಕಾಯುವವರು ಇಬ್ಬರು, ಹಾಗಾಗಿ ತಲಾ 65 ಚದರ ಮೀಟರ್. ವಯಸ್ಸಾದವರು, ಮಂಡಿ ಕೈಕೊಟ್ಟವರು ಡಬಲ್ಸ್ ಕಡೆ ಹೋಗುವುದು ಸುಮ್ನೆ ಅಲ್ಲ. ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಸಿಂಗಲ್ಸ್‌ನಲ್ಲಿ ಆ ವಯಸ್ಸಿಗೆ ಅಂಥದ್ದನ್ನು ಊಹಿಸುವುದೂ ಕಷ್ಟ.

ಟೆನಿಸ್ ಓಟ ಮೈಲಿಗಟ್ಟಲೆ ಓಡುವ ಓಟವಲ್ಲ. ನಾಲ್ಕು ಹೆಜ್ಜೆ ಜಿಗಿದು ಓಡು, ತಟ್ಟನೆ ನಿಲ್ಲು, ತಿರುಗು, ಮತ್ತೆ ಮಧ್ಯಕ್ಕೆ ಬಾ. ಬಹಳಷ್ಟು ಪಾಯಿಂಟ್‌ಗಳು ಹತ್ತು ಸೆಕೆಂಡಿನೊಳಗೆ ಮುಗಿಯುತ್ತವೆ. ದೊಡ್ಡ ಟೂರ್ನಿಗಳಲ್ಲಿ ಮುಂದಿನ ಸರ್ವ್‌ಗೆ 25 ಸೆಕೆಂಡು ಸಮಯ. ಆಮೇಲೆ ಅದೇ ಕಥೆ, ನೂರಾರು ಸಲ. ಓಡುವುದಕ್ಕಿಂತ ನಿಲ್ಲುವುದೇ ಇಲ್ಲಿ ದುಬಾರಿ. ಓಡುತ್ತಿರುವ ಮೈಯನ್ನು ಬ್ರೇಕ್ ಹಾಕಿ ನಿಲ್ಲಿಸುವ ಭಾರವೆಲ್ಲ ತೊಡೆ, ಮಂಡಿ, ಪಾದದ ಗಂಟಿನ ಮೇಲೆ ಬೀಳುತ್ತದೆ. ದಿನಾ ಐದು ಕಿಲೋಮೀಟರ್ ಜಾಗಿಂಗ್ ಮಾಡುವ ಗೆಳೆಯನೊಬ್ಬ ಮೊದಲ ದಿನ ಇಪ್ಪತ್ತೇ ನಿಮಿಷಕ್ಕೆ ಬೆಂಚ್ ಹಿಡಿದ. ಅವನ ಉಸಿರು ಚೆನ್ನಾಗಿಯೇ ಇತ್ತು. ಕಾಲಿಗೆ ಅಡ್ಡ ಓಡಿ ಅಭ್ಯಾಸ ಇರಲಿಲ್ಲ, ಅಷ್ಟೇ.

ಈ ಆಟ ಮೈಯನ್ನು ಎಲ್ಲಿಯವರೆಗೆ ಹಿಂಡಬಹುದು ಅನ್ನುವುದಕ್ಕೆ 2012ರ ಆಸ್ಟ್ರೇಲಿಯನ್ ಓಪನ್ ಫೈನಲ್ ಇದೆ. ಜೊಕೊವಿಚ್ ಮತ್ತು ನಡಾಲ್ 5 ಗಂಟೆ 53 ನಿಮಿಷ ಆಡಿದರು. ಆಮೇಲೆ ಪ್ರಶಸ್ತಿ ಸಮಾರಂಭದ ಭಾಷಣಗಳು ಶುರುವಾದವು. ಇಬ್ಬರಿಗೂ ನಿಲ್ಲಲು ಆಗುತ್ತಿಲ್ಲ. ಒಬ್ಬರು ಬಗ್ಗಿ ಮಂಡಿ ಹಿಡಿದಿದ್ದಾರೆ, ಇನ್ನೊಬ್ಬರು ನೆಟ್‌ಗೆ ಒರಗಿದ್ದಾರೆ. ಕೊನೆಗೆ ಯಾರೋ ಎರಡು ಕುರ್ಚಿ ತಂದುಕೊಟ್ಟರು.

ನಿಮಗೆ ಆ ಗತಿ ಬರುವುದಿಲ್ಲ, ಹೆದರಬೇಡಿ. ಆದರೆ ತಯಾರಿ ಬೇಕು.

ಹೆಜ್ಜೆ 1: ರಾಕೆಟ್ ಕೊಳ್ಳುವ ಮೊದಲು ಮೈ ನೋಡಿಕೊಳ್ಳಿ

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಒಂದು ಕಾಲಿನ ಮೇಲೆ ಅರ್ಧ ನಿಮಿಷ ಅಲುಗಾಡದೆ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರಿ. ಎರಡೂ ಕೈಗಳನ್ನು ನೋವಿಲ್ಲದೆ ಕಿವಿಯ ಪಕ್ಕಕ್ಕೆ ನೇರವಾಗಿ ಎತ್ತಿ. ಮೂರೂ ಸಲೀಸಾಗಿ ಆದರೆ ಶುರು ಮಾಡಿ. ಆಗದಿದ್ದರೆ ಎರಡು ಮೂರು ವಾರ ಇವನ್ನೇ ಅಭ್ಯಾಸ ಮಾಡಿ, ಜೊತೆಗೆ ಇಪ್ಪತ್ತು ನಿಮಿಷ ಬಿರುಸಾದ ನಡಿಗೆ. ಹೃದಯದ ತೊಂದರೆ, ಬಿಪಿ, ಮಂಡಿ ಆಪರೇಷನ್ ಅಂತೆಲ್ಲ ಇದ್ದವರು ಡಾಕ್ಟರನ್ನು ಕೇಳದೆ ಕೋರ್ಟಿಗೆ ಇಳಿಯಬೇಡಿ.

ಹೆಜ್ಜೆ 2: ಸಾಮಾನು

ಮೊದಲು ಶೂ, ಆಮೇಲೆ ರಾಕೆಟ್. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ. ಓಟದ ಶೂ ಮುಂದೆ ಓಡಲು ಮಾಡಿದ್ದು. ಅದರ ಹಿಮ್ಮಡಿ ಎತ್ತರ, ಮೆತ್ತಗೆ. ಟೆನಿಸ್‌ನಲ್ಲಿ ಅಡ್ಡಕ್ಕೆ ಜಿಗಿದು ನಿಂತಾಗ ಆ ಮೆತ್ತೆ ಒಂದು ಪಕ್ಕಕ್ಕೆ ಕುಸಿದು ಕಾಲು ಉಳುಕುತ್ತದೆ. ಟೆನಿಸ್ ಶೂ ನೆಲಕ್ಕೆ ಹತ್ತಿರ ಇರುತ್ತದೆ, ಪಕ್ಕಗಳು ಗಟ್ಟಿ. ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಸಲ ಅಡ್ಡಡ್ಡ ಹಾರಿ ನೋಡಿ. ಯಾರೇನೂ ಅಂದುಕೊಳ್ಳುವುದಿಲ್ಲ.

ರಾಕೆಟ್ ವಿಷಯದಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ಚಾಂಪಿಯನ್‌ಗಳು ಹಿಡಿಯುವಂಥದ್ದು ನಿಮಗಲ್ಲ, ಅದು ಭಾರ ಜಾಸ್ತಿ, ತಪ್ಪಿಗೆ ಕ್ಷಮೆ ಕಡಿಮೆ. ದೊಡ್ಡವರ ರಾಕೆಟ್ ಸಾಮಾನ್ಯವಾಗಿ 68.5 ಸೆಂಟಿಮೀಟರ್ ಉದ್ದ. ತೂಕ 260ರಿಂದ 285 ಗ್ರಾಂ, ತಲೆ 100 ಚದರ ಇಂಚು ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಶುರುವಿಗೆ ಚೆನ್ನ. ಹಿಡಿ ನಿಮ್ಮ ಕೈಗೆ ಸರಿಯಿದೆಯೇ ಅಂತ ಹೀಗೆ ನೋಡಿ: ರಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಹಿಡಿ ಸಣ್ಣದು.

ಸ್ಟ್ರಿಂಗ್ ಬಗ್ಗೆ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ಸ್ಟ್ರಿಂಗ್ ಗಟ್ಟಿ, ಬಾಳಿಕೆ ಬರುತ್ತದೆ, ಸ್ಪಿನ್ ಚೆನ್ನಾಗಿ ಸಿಗುತ್ತದೆ. ಆದರೆ ಚೆಂಡಿನ ಏಟನ್ನೆಲ್ಲ ಕೈಗೆ ದಾಟಿಸುತ್ತದೆ. ನನ್ನ ಮೊಣಕೈ ಕೆಟ್ಟದ್ದರಲ್ಲಿ ಅದರ ಪಾಲೂ ಇತ್ತು. ಅದಕ್ಕಿಂತ ಮೆತ್ತಗಿರುವ ಸಿಂಥೆಟಿಕ್ ಗಟ್ ಅಥವಾ ಮಲ್ಟಿಫಿಲಮೆಂಟ್ ಸ್ಟ್ರಿಂಗ್ ಹಾಕಿಸಿ. ಟೆನ್ಷನ್, ಅಂದರೆ ಸ್ಟ್ರಿಂಗ್‌ನ ಬಿಗಿ, 50 ಪೌಂಡ್ ಆಸುಪಾಸು ಇರಲಿ. 'ಟೈಟಾಗಿ ಹಾಕಿ' ಅಂತ ಹೇಳುವ ಚಟ ನಮ್ಮಲ್ಲಿ ತುಂಬಾ ಜನಕ್ಕಿದೆ. ಹೇಳಬೇಡಿ.

ಚೆಂಡು: ಹಸಿರು ಚುಕ್ಕೆಯ ಚೆಂಡು ಸಿಕ್ಕರೆ ಅದರಲ್ಲೇ ಶುರು ಮಾಡಿ. ಅದು ಮಾಮೂಲಿ ಚೆಂಡಿಗಿಂತ ಸುಮಾರು ಕಾಲು ಭಾಗ ನಿಧಾನ. ಮಕ್ಕಳದ್ದು ಅಂತ ನಾಚಿಕೆ ಪಡಬೇಡಿ. ಯೋಚಿಸಲು ಸಮಯ ಸಿಕ್ಕರೆ ಕಾಲು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ.

ಹೆಜ್ಜೆ 3: ಗೋಡೆಯ ಹತ್ತಿರ ಎರಡು ವಾರ

ಗೋಡೆಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಬೈಯಲ್ಲ, ಸುಸ್ತಾಗಲ್ಲ, ನೀವು ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ.

ಗೋಡೆಯ ಮೇಲೆ ಸುಮಾರು 91 ಸೆಂಟಿಮೀಟರ್ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನಿಜವಾದ ನೆಟ್ ಮಧ್ಯದಲ್ಲಿ ಅಷ್ಟೇ ಎತ್ತರ ಇರುತ್ತದೆ. ಆರೇಳು ಮೀಟರ್ ದೂರ ನಿಂತು, ಗೆರೆಗಿಂತ ಒಂದು ಮೊಳ ಮೇಲಕ್ಕೆ ಮೆಲ್ಲಗೆ ಹೊಡೆಯಿರಿ. ಚೆಂಡು ವಾಪಸ್ ಬಂದು ಎರಡು ಪುಟ ಬೀಳಲಿ, ಆಮೇಲೆ ಹೊಡೆಯಿರಿ. ಜೋರಾಗಿ ಹೊಡೆದರೆ ಅಷ್ಟೇ ಜೋರಾಗಿ ಬರುತ್ತದೆ, ನೀವು ತಡವಾಗುತ್ತೀರಿ. ಗೋಡೆಗೆ ಸಿಟ್ಟು ತೋರಿಸಿ ಪ್ರಯೋಜನ ಇಲ್ಲ, ಅಲ್ವಾ?

ಇಲ್ಲಿ ಗಮನಿಸಬೇಕಾದ್ದು ಎರಡೇ.

ಒಂದು, ಹಿಡಿತ. ಪಕ್ಕದವರು ಮೆಲ್ಲಗೆ ಎಳೆದರೆ ರಾಕೆಟ್ ನಿಮ್ಮ ಕೈಯಿಂದ ಜಾರಿ ಬರಬೇಕು, ಅಷ್ಟು ಸಡಿಲ. ಚೆಂಡು ತಾಗುವ ಗಳಿಗೆಯಲ್ಲಿ ಕೈ ತಾನಾಗಿ ಬಿಗಿಯಾಗುತ್ತದೆ, ನೀವು ಬಿಗಿ ಮಾಡಬೇಕಿಲ್ಲ. ಹೊಸಬರು ಬಸ್ಸಿನ ಕಂಬಿ ಹಿಡಿದಂತೆ ರಾಕೆಟ್ ಹಿಡಿಯುತ್ತಾರೆ. ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ.

ಎರಡು, ಚೆಂಡು ತಾಗುವ ಜಾಗ. ನಿಮ್ಮ ಸೊಂಟದ ಎತ್ತರದಲ್ಲಿ, ಮೈಗಿಂತ ಸ್ವಲ್ಪ ಮುಂದೆ. ಪಕ್ಕಕ್ಕೆ ಬಂದಾಗ ಹೊಡೆದರೆ ತಡ. ತಡವಾದರೆ ಕೈಯ ಬಲ ಒಂದೇ ಸಾಲದು, ಮಣಿಕಟ್ಟು ತಿರುಚಿ ಹೊಡೆಯುತ್ತೀರಿ. ನೋವು ಶುರುವಾಗುವುದು ಅಲ್ಲೇ.

ಬಿಡದೆ ಇಪ್ಪತ್ತು ಹೊಡೆತ ಆಗುವವರೆಗೆ ಗೋಡೆ ಬಿಡಬೇಡಿ. ನನಗೆ ಹನ್ನೊಂದು ದಿನ ಬೇಕಾಯಿತು.

ಹೆಜ್ಜೆ 4: ಪುಟ್ಟ ಜಿಗಿತ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಇದನ್ನು ಸ್ಪ್ಲಿಟ್ ಸ್ಟೆಪ್ ಅನ್ನುತ್ತಾರೆ. ಎದುರಾಳಿ ಚೆಂಡಿಗೆ ರಾಕೆಟ್ ತಾಗಿಸುವ ಹೊತ್ತಿಗೆ ನೀವು ಎರಡೂ ಕಾಲಲ್ಲಿ ನೆಲ ಬಿಟ್ಟೆವೋ ಇಲ್ಲವೋ ಅನ್ನುವಷ್ಟು ಮೇಲೇಳಬೇಕು. ಚೆಂಡು ಯಾವ ಕಡೆ ಅಂತ ಗೊತ್ತಾಗುವಷ್ಟರಲ್ಲಿ ಪಾದ ಅಗಲಿಸಿ, ಮಂಡಿ ಮಡಿಸಿ ನೆಲಕ್ಕೆ ಇಳಿದಿರಬೇಕು. ಇಳಿದ ರಭಸದಲ್ಲೇ ಆ ಕಡೆಗೆ ತಳ್ಳಿಕೊಂಡು ಹೋಗುತ್ತೀರಿ.

ಯಾಕೆ ಬೇಕು? ಸುಮ್ನೆ ನಿಂತ ಕಾಲು ನಿದ್ದೆ ಹೋದಂತೆ. ಅದನ್ನು ಎಬ್ಬಿಸಲೇ ಹೊತ್ತು ಹಿಡಿಯುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಎದುರಿನವನನ್ನು ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಜಾಸ್ತಿ ಸಾಕು. ನಿಮಗೆ ಬರುವ ಚೆಂಡು ಅಷ್ಟು ವೇಗ ಇರುವುದಿಲ್ಲ, ನಿಜ. ಆದರೆ ನಿಮ್ಮ ಕಾಲೂ ಅವರಷ್ಟು ವೇಗ ಇರುವುದಿಲ್ಲವಲ್ಲ!

ಅಭ್ಯಾಸಕ್ಕೆ ಒಂದು ಉಪಾಯ. ಗೆಳೆಯರ ಆಟ ನಡೆಯುವಾಗ ಹೊರಗೆ ನಿಂತು, ಒಬ್ಬರು ಹೊಡೆದಾಗಲೆಲ್ಲ ನೀವು ಜಿಗಿಯಿರಿ. ಚೆಂಡೂ ಬೇಡ, ರಾಕೆಟ್ಟೂ ಬೇಡ. ನೋಡುವವರು ನಗುತ್ತಾರೆ, ನಗಲಿ. ಐದು ನಿಮಿಷಕ್ಕೆ ಮೀನಖಂಡ ಉರಿಯತೊಡಗುತ್ತದೆ. ಆಗ ಈ ಆಟಕ್ಕೆ ಕಾಲು ಎಷ್ಟು ಬೇಕು ಅಂತ ನಿಮಗೇ ತಿಳಿಯುತ್ತದೆ.

ಹೆಜ್ಜೆ 5: ಜೊತೆಗಾರನೊಂದಿಗೆ, ಓರೆಯಾಗಿ

ಮೂರನೇ ವಾರದಿಂದ ನಿಮ್ಮಷ್ಟೇ ಆಡುವ ಒಬ್ಬರನ್ನು ಹುಡುಕಿಕೊಳ್ಳಿ. ಮೊದಲ ದಿನವೇ ಹಿಂದಿನ ಗೆರೆಗೆ ಹೋಗಬೇಡಿ. ಸರ್ವಿಸ್ ಗೆರೆ ನೆಟ್‌ನಿಂದ 6.40 ಮೀಟರ್ ದೂರ ಇದೆ. ಇಬ್ಬರೂ ಅಲ್ಲೇ ನಿಂತು ಸಣ್ಣ ಕೋರ್ಟಿನಲ್ಲಿ ಆಡಿ. ಇಲ್ಲಿ ಗೆಲ್ಲುವುದು ಸೋಲುವುದು ಇಲ್ಲ. ಇಬ್ಬರೂ ಸೇರಿ ಎಷ್ಟು ಹೊಡೆತ ಅಂತ ಎಣಿಸಿ. ಮೂವತ್ತು ದಾಟಿದರೆ ಎರಡೆರಡು ಹೆಜ್ಜೆ ಹಿಂದಕ್ಕೆ.

ಹಿಂದಿನ ಗೆರೆ ತಲುಪಿದ ಮೇಲೆ ನೇರವಾಗಿ ಹೊಡೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ, ಓರೆಯಾಗಿ ಹೊಡೆಯಿರಿ. ನೆಟ್ ಕಂಬದ ಹತ್ತಿರ 107 ಸೆಂಟಿಮೀಟರ್, ಮಧ್ಯದಲ್ಲಿ 91.4. ಓರೆ ಚೆಂಡು ತಗ್ಗಿನ ಕಡೆಯಿಂದ ದಾಟುತ್ತದೆ. ಮೂಲೆಯಿಂದ ಮೂಲೆಗೆ ಕೋರ್ಟೂ ಸುಮಾರು 1.4 ಮೀಟರ್ ಹೆಚ್ಚು ಉದ್ದ ಸಿಗುತ್ತದೆ. ನೆಟ್‌ಗೆ ಬೀಳುವುದೂ ಕಡಿಮೆ, ಹೊರಗೆ ಹೋಗುವುದೂ ಕಡಿಮೆ. ದೊಡ್ಡ ಆಟಗಾರರೂ ಹತ್ತು ಹೊಡೆತ ಓರೆಯಾಗಿ ಹೊಡೆದು ಒಂದು ನೇರ ಹೊಡೆತಕ್ಕೆ ಕಾಯುವುದು ಇದಕ್ಕೇ.

ಬ್ಯಾಕ್‌ಹ್ಯಾಂಡ್‌ಗೆ, ಅಂದರೆ ರಾಕೆಟ್ ಹಿಡಿಯದ ಕೈಯ ಕಡೆಗೆ ಬಂದ ಚೆಂಡಿನ ಹೊಡೆತಕ್ಕೆ, ಎರಡೂ ಕೈ ಬಳಸಿ. ಒಂದು ಕೈಯ ಬ್ಯಾಕ್‌ಹ್ಯಾಂಡ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ತಡವಾಗಿ ಹೊಡೆದ ಒಂಟಿ ಕೈಯ ಬ್ಯಾಕ್‌ಹ್ಯಾಂಡ್ ಮೊಣಕೈಗೆ ಶತ್ರು.

ಹೆಜ್ಜೆ 6: ಸರ್ವ್

ಕಲಿಯಲು ಅತಿ ಕಷ್ಟ, ಆದರೆ ಇಡೀ ಆಟದಲ್ಲಿ ಪೂರ್ತಿ ನಿಮ್ಮ ಕೈಯಲ್ಲಿರುವ ಹೊಡೆತ ಇದೊಂದೇ.

ಸುತ್ತಿಗೆ ಹಿಡಿದು ಮೊಳೆ ಹೊಡೆಯುವಂತೆ ರಾಕೆಟ್ ಹಿಡಿಯಿರಿ. ಇದೇ ಕಾಂಟಿನೆಂಟಲ್ ಗ್ರಿಪ್. ಮೊದಲ ವಾರ ಹೊಡೆಯಲೇ ಬೇಡಿ, ಚೆಂಡು ಎಸೆಯುವುದನ್ನಷ್ಟೇ ಕಲಿಯಿರಿ. ಕೈ ನೇರವಾಗಿ ಎತ್ತಿ, ಕಣ್ಣಿನ ಎತ್ತರದಲ್ಲಿ ಚೆಂಡನ್ನು ಬಿಡಿ. ಹೊಡೆಯದೆ ಬಿಟ್ಟರೆ ಅದು ಮುಂದಿನ ಪಾದಕ್ಕಿಂತ ಒಂದು ಗೇಣು ಮುಂದೆ ಬೀಳಬೇಕು. ಬಲಗೈಯವರಿಗೆ ಸ್ವಲ್ಪ ಬಲಕ್ಕೆ. ಎಸೆತ ಕೆಟ್ಟಿದ್ದರೆ ಹೊಡೆಯಬೇಡಿ, ಚೆಂಡು ಹಿಡಿದು ಮತ್ತೆ ಎಸೆಯಿರಿ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಸರ್ವ್‌ನ ಬಲ ಭುಜದಿಂದ ಹುಟ್ಟುವುದಿಲ್ಲ. ಮಂಡಿ ಮಡಿಸಿ ನೆಲ ಒದ್ದಾಗ ಹುಟ್ಟಿದ ಬಲ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಭುಜಕ್ಕೆ, ಮೊಣಕೈಗೆ, ಕೊನೆಗೆ ಮಣಿಕಟ್ಟಿಗೆ ಬರುತ್ತದೆ. ಕಾಲು ಸುಮ್ನಿದ್ದರೆ ಆ ಕೆಲಸವನ್ನೆಲ್ಲ ಭುಜ ಒಂದೇ ಮಾಡಬೇಕು. ಒಂದು ದಿನ ಮಾಡುತ್ತದೆ, ಒಂದು ತಿಂಗಳು ಮಾಡುತ್ತದೆ, ಆಮೇಲೆ ಕೈ ಎತ್ತಲು ಬರುವುದಿಲ್ಲ. ಒಂದು ದಿನಕ್ಕೆ ನಲವತ್ತು ಐವತ್ತು ಸರ್ವ್‌ಗಿಂತ ಜಾಸ್ತಿ ಬೇಡ.

ಮತ್ತೆ, ಎರಡನೇ ಸರ್ವ್ ಮೊದಲು ಕಲಿಯಿರಿ. ನಿಧಾನವಾಗಿ, ಖಂಡಿತ ಒಳಗೆ ಬೀಳುವಂಥದ್ದು. ಹೊಸಬರ ಪಂದ್ಯಗಳಲ್ಲಿ ತುಂಬಾ ಪಾಯಿಂಟ್ ಹೋಗುವುದು ಡಬಲ್ ಫಾಲ್ಟ್‌ಗೆ, ಅಂದರೆ ಸರ್ವ್‌ಗೆ ಸಿಗುವ ಎರಡೂ ಅವಕಾಶ ತಪ್ಪಿ.

ಹೆಜ್ಜೆ 7: ವಾರದ ಲೆಕ್ಕ

ಮೊದಲ ತಿಂಗಳು ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ನಡುವೆ ಕನಿಷ್ಠ ಒಂದು ದಿನ ಬಿಡುವು. ಎರಡನೇ ತಿಂಗಳಿಂದ ಮೂರು ದಿನ. ಆಡದ ಒಂದು ದಿನ ಮನೆಯಲ್ಲಿ ಹದಿನೈದು ನಿಮಿಷ ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು, ಅಡ್ಡ ಹೆಜ್ಜೆ, ಹೊಟ್ಟೆ ಬಿಗಿ ಹಿಡಿಯುವ ಪ್ಲ್ಯಾಂಕ್. ಬಸ್ಕಿ ಟೆನಿಸ್‌ಗೆಂದೇ ಹುಟ್ಟಿದ ವ್ಯಾಯಾಮ ಅನ್ನಿಸುತ್ತದೆ ನನಗೆ.

ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮೆಲ್ಲಗೆ ಓಡಿ, ಅಡ್ಡ ಹೆಜ್ಜೆ ಹಾಕಿ, ಕಾಲು ಬೀಸಿ, ಕೈ ಸುತ್ತಿಸಿ. ನಿಂತು ಎಳೆದು ಹಿಡಿಯುವ ಸ್ಟ್ರೆಚ್ ಎಲ್ಲ ಆಟ ಮುಗಿದ ಮೇಲೆ. ಬಾಯಾರಿಕೆಗೆ ಕಾಯದೆ, ಕಡೆ ಬದಲಿಸುವಾಗಲೆಲ್ಲ ಎರಡು ಮೂರು ಗುಟುಕು ನೀರು. ತಲೆ ಸುತ್ತಿದರೆ, ಬಿಸಿಲಲ್ಲಿ ಚಳಿ ಅನ್ನಿಸಿದರೆ ಸ್ಕೋರ್ ಎಷ್ಟೇ ಇರಲಿ, ಆಟ ನಿಲ್ಲಿಸಿ ನೆರಳಿಗೆ ಹೋಗಿ.

ಹೆಜ್ಜೆ 8: ಮೊದಲ ಪಂದ್ಯ

ಮೂರನೇ ತಿಂಗಳಲ್ಲಿ ಒಂದು ಸೆಟ್ ಆಡಿ. 15, 30, 40, ಗೇಮ್. ಇಬ್ಬರೂ 40 ಆದರೆ ಡ್ಯೂಸ್, ಅಲ್ಲಿಂದ ಎರಡು ಪಾಯಿಂಟ್ ಅಂತರ ಬೇಕು. ಆರು ಗೇಮ್‌ಗೆ ಸೆಟ್, ಎರಡು ಗೇಮ್ ಅಂತರ ಇರಬೇಕು. 6-6 ಆದರೆ ಏಳು ಪಾಯಿಂಟ್‌ನ ಟೈಬ್ರೇಕರ್, ಅದಕ್ಕೂ ಎರಡರ ಅಂತರ.

ಅಂಪೈರ್ ಇರುವುದಿಲ್ಲ. ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವೇ ತೀರ್ಪು ಕೊಡಬೇಕು. ಗೆರೆಯನ್ನು ಕೂದಲೆಳೆಯಷ್ಟು ತಾಗಿದರೂ ಒಳಗೆ. ಸರಿಯಾಗಿ ಕಾಣಲಿಲ್ಲವೇ? ಪಾಯಿಂಟ್ ಎದುರಾಳಿಗೆ. ಪ್ರತಿ ಪಾಯಿಂಟ್‌ಗೆ ಮೊದಲು ಸರ್ವ್ ಮಾಡುವವರು ಜೋರಾಗಿ ಸ್ಕೋರ್ ಹೇಳಿ. ಕೋರ್ಟಿನಲ್ಲಿ ಕೆಡುವ ಸ್ನೇಹಗಳಲ್ಲಿ ಅರ್ಧ ಇಷ್ಟು ಮಾಡಿದರೆ ಉಳಿಯುತ್ತವೆ.

ಮರುದಿನ ಬೆಳಗ್ಗೆ ಮೈಯ ಮಾತು ಕೇಳಿ

ನೋವು ಎಲ್ಲಿದೆ ಅನ್ನುವುದು ನೀವು ಹೇಗೆ ಆಡಿದಿರಿ ಅಂತ ಹೇಳುತ್ತದೆ. ತೊಡೆ, ಪಿರ್ರೆ, ಮೀನಖಂಡ ಎರಡೂ ಕಾಲಲ್ಲಿ ಸಮನಾಗಿ ಹಿಡಿದುಕೊಂಡಿದ್ದರೆ ಖುಷಿಪಡಿ. ಎರಡು ದಿನದಲ್ಲಿ ಹೋಗುತ್ತದೆ. ಮಂಡಿಯ ಒಳಗೆ ಚುಚ್ಚಿದರೆ, ಊದಿಕೊಂಡರೆ ಅದು ಬೇರೆ, ತೋರಿಸಬೇಕು. ಸೊಂಟ ಹಿಡಿದಿದ್ದರೆ ಮಂಡಿ ಮಡಿಸದೆ ಬೆನ್ನು ಬಗ್ಗಿಸಿ ತಗ್ಗಿನ ಚೆಂಡು ಹೊಡೆದಿದ್ದೀರಿ. ಭುಜ ನೋಯುತ್ತಿದ್ದರೆ ಸರ್ವ್‌ನಲ್ಲಿ ಕಾಲು ಮಲಗಿತ್ತು.

ಮೊಣಕೈಯ ಹೊರಗಿನ ಎಲುಬಿನ ಹತ್ತಿರ, ಲೋಟ ಎತ್ತುವಾಗ ಬಟ್ಟೆ ಹಿಂಡುವಾಗ ನೋವು ಬಂದರೆ ಅದೇ ಟೆನಿಸ್ ಎಲ್ಬೋ. ಹೆಸರು ಹಾಗಿದ್ದರೂ ಇದು ಬರುವವರಲ್ಲಿ ಹೆಚ್ಚಿನವರು ರಾಕೆಟ್ ಮುಟ್ಟಿದವರೇ ಅಲ್ಲ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಅಲ್ಲಿಗೆ ಅಂಟಿಕೊಂಡಿವೆ, ಬಿಗಿ ಹಿಡಿತದಿಂದ ಆ ಜಾಗ ಸವೆಯುತ್ತದೆ. ಮಾತ್ರೆ ನುಂಗಿ ಆಡಲು ಹೋಗಬೇಡಿ, ನಾನು ಮಾಡಿದ್ದು ಅದೇ ತಪ್ಪು. ಒಂದು ವಾರ ಬಿಟ್ಟು ನೋಡಿ, ಕಡಿಮೆ ಆಗದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ನೋವು ಪೂರ್ತಿ ಹೋದ ಮೇಲೆ ಸ್ಟ್ರಿಂಗ್ ಟೆನ್ಷನ್ ಎರಡು ಮೂರು ಪೌಂಡ್ ಇಳಿಸಿ, ಹಸಿರು ಚುಕ್ಕೆಯ ಚೆಂಡು ಹಿಡಿದು, ಮತ್ತೆ ಗೋಡೆಯ ಹತ್ತಿರದಿಂದ ಶುರು ಮಾಡಿ. ಸೀಮೆಸುಣ್ಣದ ಗೆರೆ ಅಳಿಸಿಹೋಗಿರುತ್ತದೆ, ಇನ್ನೊಮ್ಮೆ ಎಳೆಯಬೇಕಾಗುತ್ತದೆ.